ಘಳಿಗಿ ಬದಲಿಸಿದ ಆಂಟೆನಾ

ಮ್ಯಾಡ್ರಿಡ್: ತಪಾಸಣೆಯ ಮೇಜು

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಹುನಗುಂದದ ನಮ್ಮ ಮನೆಯಲ್ಲಿ ಮೊದಲಿನಿಂದಲೂ ನನ್ನನ್ನು ‘ಕಾಲಿಗೆ ಗಾಲಿ ಕಟ್ಟಿಕೊಂಡಾಕಿ’ ಎಂದೇ ಆಡಿಕೊಳ್ಳುತ್ತಾರೆ. ಅಂಥವಳು ಬೆಂಗಳೂರಿನಿಂದ ಸ್ಪೇನಿನವರೆಗೆ ಬೆಲ್ಟು ಬಿಗಿದುಕೊಂಡು, ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡು, ಅದನ್ನು ಯಾರಿಗೂ ಮುಟ್ಟಗೊಡದೆ ಕೂತಿದ್ದೆ ಎಂದರೆ ಮನೆಯವರು ನಂಬಲಿಕ್ಕಿಲ್ಲ. ಪಕ್ಕದ ಸೀಟಿನಲ್ಲಿ ಹುಸೇನಸಾಬ್ ಕಾಕಾ ಮಾತ್ರ ಇಳಕಲ್ ಬಸ್ಸಿನಲ್ಲಿ ಕೂತಷ್ಟೇ ನಿಶ್ಚಿಂತೆಯಿಂದ ನಿದ್ದೆ ಹೊಡೆದರು. ಅದು ಅವರ ಮೊದಲ ವಿಮಾನ ಪ್ರಯಾಣ.

ಕಾಕಾ ಬಾಗಲಕೋಟೆಯ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್. ನಾನು ಅಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರಿಗೂ ಅವರು ಕಾಕಾ. ಡಬ್ಬಿಯಲ್ಲಿ ಇದ್ದದ್ದು ನಾವಿಬ್ಬರೂ ಮೂರು ವರ್ಷ ಹಣಗಾಡಿ ಮಾಡಿದ ಆಂಟೆನಾ. ಕಾಗದ ಮಡಚಿ ಕೊಕ್ಕರೆ ಮಾಡುವ ಜಪಾನಿನ ವಿದ್ಯೆ ನಿಮಗೆ ಗೊತ್ತಿರಬಹುದು. ಅದರದೇ ಒಂದು ಬಗೆಯ ಮಡಿಕೆಯನ್ನು, ತಾಮ್ರದ ಗೆರೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆಗೆ ಹಾಕಿದ್ದೆವು. ಪೂರ್ತಿ ಮಡಚಿದರೆ ಅಂಗಿಯ ಕಿಸೆಯಲ್ಲಿ ಹೋಗುತ್ತದೆ. ಅರ್ಧ ಬಿಚ್ಚಿದರೆ ಮೊಬೈಲ್ ಟವರಿನ ತರಂಗ ಹಿಡಿಯುತ್ತದೆ. ಪೂರ್ತಿ ಎಳೆದರೆ ರಕ್ಷಣಾ ದೋಣಿಯವರ ವೈರ್‌ಲೆಸ್ ಹಿಡಿಯುತ್ತದೆ. ಟವರು ಬಿದ್ದರೂ ಮಾತು ನಿಲ್ಲಬಾರದು, ಅಷ್ಟೇ ಉದ್ದೇಶ.

ಇದರ ಹಿಂದೆ ಒಂದು ಮಳೆಗಾಲವಿದೆ. ಕಾಕಾ ಅವರ ಅಕ್ಕ ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಯ ಹಳ್ಳಿಯವರು. ಹೊಳೆ ಬಂದಾಗ ಎರಡು ದಿನ ಶಾಲೆಯ ಮಾಳಿಗೆಯ ಮೇಲೆ ಕೂತಿದ್ದರು. ಕೈಯಲ್ಲಿ ಫೋನಿತ್ತು, ಊರಿನ ಟವರು ಸತ್ತಿತ್ತು. ಆ ಎರಡು ದಿನ ಕಾಕಾ ಲ್ಯಾಬಿನಲ್ಲಿ ಕೂತು ಅಕ್ಕನಿಗೆ ಫೋನು ಹಚ್ಚುತ್ತಲೇ ಇದ್ದರು. ಅಕ್ಕ ಸಿಕ್ಕ ಮರುವಾರ ನನ್ನ ಕೋಣೆಗೆ ಬಂದು, ಇಂಥದ್ದಕ್ಕೆ ಏನಾದರೂ ಮಾಡಲು ಬರುತ್ತದೆಯೇ ಎಂದು ಕೇಳಿದರು. ಹಾಗೆ ಶುರುವಾದದ್ದು ಇದು.

ಮ್ಯಾಡ್ರಿಡ್‌ನಲ್ಲಿ ಸ್ಕ್ಯಾನರಿನವರು ನಮ್ಮನ್ನು ಪಕ್ಕಕ್ಕೆ ಕರೆದರು. ತಪ್ಪು ಅವರದ್ದಲ್ಲ. ಆಂಟೆನಾದ ಡಬ್ಬಿಯ ಪಕ್ಕದಲ್ಲೇ ನಾನು ಅಮೀನಗಡದ ಕರದಂಟಿನ ಎರಡು ಪೆಟ್ಟಿಗೆ ಇಟ್ಟಿದ್ದೆ. ಪರದೆಯ ಮೇಲೆ ನೋಡಿದರೆ ಅಂಕುಡೊಂಕು ತಾಮ್ರ, ಅದರ ಪಕ್ಕದಲ್ಲಿ ಇಟ್ಟಿಗೆಯಂತೆ ಗಟ್ಟಿಯಾದ ಏನೋ ಒಂದು. ನಾನೇ ಆ ಅಧಿಕಾರಿಯಾಗಿದ್ದರೂ ಬಿಡುತ್ತಿರಲಿಲ್ಲ. ನಾನು ಕರದಂಟಿನ ಅಂಟಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ತಡಕಾಡುತ್ತಿದ್ದಾಗ ಕಾಕಾ ಸುಮ್ಮನೆ ಡಬ್ಬಿ ತೆರೆದರು, ಆಂಟೆನಾವನ್ನು ಮೇಜಿನ ಮೇಲೆ ಹರಡಿದರು, ಎರಡೂ ಕೈಯಿಂದ ಒಮ್ಮೆ ಸವರಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಡಚಿ ಅಂಗೈಯಲ್ಲಿಟ್ಟರು. ಅಧಿಕಾರಿ ಮತ್ತೊಮ್ಮೆ ಮಾಡಿ ಎಂದು ಸನ್ನೆ ಮಾಡಿದ. ಆಮೇಲೆ ಗೆಳೆಯನನ್ನು ಕರೆದ. ಮೂರನೆಯ ಸಲ ಮಾಡುವ ಹೊತ್ತಿಗೆ ಐದು ಜನ ಸೇರಿದ್ದರು, ನಾನು ರೈಲು ತಪ್ಪೀತೆಂದು ಗಡಿಯಾರ ನೋಡುತ್ತಿದ್ದೆ. ಕರದಂಟನ್ನು ಯಾರೂ ಕೇಳಲೇ ಇಲ್ಲ.

ರೈಲಿನಲ್ಲಿ

ನಾವು ಹೋಗಬೇಕಾದ್ದು ಸರಗೋಸ ಎಂಬ ಊರಿಗೆ. ಅಲ್ಲಿನವರು ಆ ಹೆಸರನ್ನು ನಾಲಿಗೆ ಹಲ್ಲಿನ ನಡುವೆ ಸಿಕ್ಕಿಸಿಕೊಂಡು ಹೇಳುತ್ತಾರೆ. ನನಗೆ ಕೊನೆಯ ದಿನದವರೆಗೂ ಬರಲಿಲ್ಲ. ಕಾಗದದ ಹಕ್ಕಿ ಮಡಚುವ ಹುಚ್ಚು ಆ ಊರಿಗೆ ಹಳೆಯದಂತೆ. ಅದಕ್ಕೋ ಏನೋ, ಅಲ್ಲಿಯ ಒಂದು ಪ್ರಯೋಗಾಲಯ ಮಡಚುವ ಆಂಟೆನಾಗಳ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. ನಮ್ಮ ಲೇಖನದ ಒಂದು ಸಾಲು ಓದಿ ಅವರು ನಮ್ಮನ್ನು ಕರೆಸಿದ್ದರು. ಒಂದೇ ಗೆರೆಯಲ್ಲಿ ಎರಡು ಸಾವಿರ ಸಲ ಮಡಚಿ ಬಿಚ್ಚಿದರೂ ನಮ್ಮ ತಾಮ್ರ ಬಿರಿಯಲಿಲ್ಲ, ಇದು ಆ ಸಾಲು.

ಅವರು ಒಪ್ಪಿದರೆ ಅವರ ಯಂತ್ರದಲ್ಲಿ ಐವತ್ತು ಆಂಟೆನಾ ತಯಾರಾಗಿ ಮುಂದಿನ ಮಳೆಗಾಲಕ್ಕೆ ಮಲಪ್ರಭೆಯ ದಂಡೆಯ ಹಳ್ಳಿಗಳಿಗೆ ಪರೀಕ್ಷೆಗೆ ಬರುತ್ತವೆ. ಒಪ್ಪದಿದ್ದರೆ ನಮ್ಮ ಕೆಲಸ ಕಪಾಟು ಸೇರುತ್ತದೆ. ಕಾಕಾ ಕೆಲವೇ ತಿಂಗಳಲ್ಲಿ ನಿವೃತ್ತರಾಗುತ್ತಾರೆ, ಅವರ ಕೈಯಷ್ಟು ಚೆನ್ನಾಗಿ ಮಡಚುವ ಕೈ ಕಾಲೇಜಿನಲ್ಲಿ ಬೇರೆ ಇಲ್ಲ. ಅದಕ್ಕೇ ನಾನು ಹಟ ಮಾಡಿ ಅವರನ್ನು ಕರೆದುಕೊಂಡು ಬಂದಿದ್ದೆ.

ರೈಲು ಎಷ್ಟು ಜೋರಾಗಿ ಓಡುತ್ತದೆಂದರೆ ಕಿಟಕಿಯ ಹತ್ತಿರದ್ದು ಏನೂ ಕಾಣುವುದಿಲ್ಲ, ದೂರದ್ದೇ ನೋಡಬೇಕು. ದೂರದಲ್ಲಿ ಇದ್ದದ್ದು ಬೋಳು ಗುಡ್ಡ, ಕೊಯ್ದು ಬಿಟ್ಟ ಹೊಲ, ಅಲ್ಲಲ್ಲಿ ಕುರಿ. ಯುರೋಪೆಂದರೆ ಹಸಿರು ಎಂದುಕೊಂಡು ಹೋದವಳು ನಾನು.

“ಇದೂ ನಮ್ಮಂಗ ಬರಡ ಐತಲ್ರಿ,” ಎಂದರು ಕಾಕಾ. “ಇದನ್ನ ನೋಡಾಕ ಇಷ್ಟ ದೂರ ಬರಬೇಕಿತ್ತೇನು?”

ಬೋಗಿಯಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ನಮ್ಮ ಕಡೆ ರೈಲು ಹತ್ತಿದ ಅರ್ಧ ತಾಸಿಗೆ ಎದುರಿನವರ ಮಗಳ ಗಂಡನ ಸಂಬಳದವರೆಗೆ ತಿಳಿದಿರುತ್ತದೆ. ಇಲ್ಲಿ ಎದುರು ಕೂತ ಹೆಂಗಸು ನನ್ನತ್ತ ಒಂದು ನಗೆ ಬೀರಿ ಪುಸ್ತಕದೊಳಗೆ ಇಳಿದುಬಿಟ್ಟಳು. ನಾನು ಎದ್ದು ಬೋಗಿಯ ಉದ್ದಕ್ಕೂ ಓಡಾಡಿದೆ. ಎರಡನೆಯ ಸುತ್ತಿಗೆ ಟಿಕೆಟ್ ನೋಡುವವನು ಬಂದು ಆರೋಗ್ಯ ಸರಿಯಿಲ್ಲವೇ ಎಂದು ವಿಚಾರಿಸಿದ.

ಸರಗೋಸ: ಮೊದಲ ದಿನ

ಬ್ರೆಡ್ಡಿನ ಅಂಗಡಿಗೆ ಹೋದೆವು. ಸರತಿಯೇ ಇಲ್ಲ, ಏಳೆಂಟು ಜನ ಅಲ್ಲಲ್ಲಿ ನಿಂತಿದ್ದಾರೆ. ನಾನು ನಮ್ಮೂರ ರೂಢಿಯಂತೆ ಸಂದಿಯಲ್ಲಿ ನುಗ್ಗಿ ಕೌಂಟರ್ ಮುಟ್ಟಿದೆ. ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ತಿಳಿಯಿತು: ಒಳಗೆ ಬಂದವರು ‘ಕೊನೆಗೆ ಬಂದವರು ಯಾರು’ ಎಂದು ಕೇಳಬೇಕು, ಒಬ್ಬರು ಕೈ ಎತ್ತುತ್ತಾರೆ, ಅವರ ನಂತರ ನಮ್ಮ ಪಾಳಿ. ಅಷ್ಟು ನೆನಪಿಟ್ಟುಕೊಂಡು ಎಲ್ಲಿ ಬೇಕಾದರೂ ನಿಲ್ಲಬಹುದು. ಬಾಗಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಇವರು ಟವೆಲ್ ಬದಲು ಮಾತನ್ನೇ ಎಸೆಯುತ್ತಾರೆ. ಕಾಕಾ ಆ ಸ್ಪ್ಯಾನಿಷ್ ಪ್ರಶ್ನೆಯನ್ನು ಒಂದೇ ಸಲಕ್ಕೆ ಕಲಿತರು. ಮುಂದೆ ಔಷಧದ ಅಂಗಡಿಯಲ್ಲೂ ನನ್ನ ಪರವಾಗಿ ಅವರೇ ಕೇಳಿದರು.

ಊಟದ ಪಾಡು ಹೇಳತೀರದು. ನಾನು ಲಿಂಗಾಯತರ ಮನೆಯವಳು, ಮಾಂಸ ಮುಟ್ಟುವುದಿಲ್ಲ. ಕಾಕಾ ಹಂದಿ ಮುಟ್ಟುವುದಿಲ್ಲ, ಹಲಾಲಲ್ಲದ ಬೇರೆ ಮಾಂಸವೂ ಬೇಡ. ಆ ಊರಿನಲ್ಲಿ ಬೀನ್ಸಿನ ಪಲ್ಯಕ್ಕೂ ಹಂದಿಯ ತುಂಡು, ಸೊಪ್ಪಿನ ತಟ್ಟೆಯ ತಳದಲ್ಲೂ ಮೀನು. ಇಬ್ಬರ ಕಾರಣಗಳೂ ಬೇರೆ, ಹಸಿವು ಮಾತ್ರ ಒಂದೇ. ಕೊನೆಗೆ ಚೌಕದ ಕಲ್ಲು ಬೆಂಚಿನ ಮೇಲೆ ಕೂತು ಊರಿಂದ ತಂದ ಒಣ ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದೆವು. ಎದುರಿಗೆ ದೊಡ್ಡ ಚರ್ಚಿನ ಗೋಪುರಗಳು, ಕಾಲ ಬಳಿ ಪಾರಿವಾಳ. ರೊಟ್ಟಿ ಮುರಿದ ಸಪ್ಪಳಕ್ಕೆ ಪಕ್ಕದ ಬೆಂಚಿನ ಮುದುಕರು ತಿರುಗಿ ನೋಡಿದರು.

ನನಗೆ ಹೆಚ್ಚು ಹಿಂಸೆಯಾದದ್ದು ಬಿಸಿಲಿನಿಂದ. ರಾತ್ರಿ ಒಂಬತ್ತೂವರೆಯಾದರೂ ಸೂರ್ಯ ಮುಳುಗುವುದಿಲ್ಲ. ಸಂಜೆಯ ನಮಾಜಿಗೆ ಕಾಕಾ ಸಮಾಧಾನದಿಂದ ಕಾಯುತ್ತಿದ್ದರು. ನನಗೋ ದಿನ ಮುಗಿಯಲೊಲ್ಲದು, ಮರುದಿನ ಬರಲೊಲ್ಲದು. ಸ್ಲೈಡುಗಳನ್ನು ತೆರೆದು ನೋಡಿ ಮುಚ್ಚಿದೆ, ಮುಚ್ಚಿ ತೆರೆದೆ.

ಎರಡನೆಯ ದಿನ: ಯಂತ್ರದ ಕೋಣೆ

ಪ್ರಯೋಗಾಲಯದ ಮುಖ್ಯಸ್ಥೆಯ ಹೆಸರು ಪಿಲಾರ್. ಅರವತ್ತರ ಹತ್ತಿರದ, ಗಿಡ್ಡ ಕೂದಲಿನ, ಜೋರು ಧ್ವನಿಯ ಹೆಂಗಸು. ಅಲ್ಲಿ ಪರಿಚಯವೆಂದರೆ ಎರಡೂ ಕೆನ್ನೆಗೆ ಮುತ್ತು. ನನಗೆ ಎರಡು ಕೊಟ್ಟು ಕಾಕಾ ಕಡೆ ಬಾಗಿದರು. ಕಾಕಾ ಎದೆಯ ಮೇಲೆ ಕೈಯಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಪಿಲಾರ್ ಬೇಸರಪಟ್ಟುಕೊಳ್ಳಲಿಲ್ಲ, ತಾವೂ ಎದೆಯ ಮೇಲೆ ಕೈಯಿಟ್ಟುಕೊಂಡರು. ಕರದಂಟು ಕೊಟ್ಟೆ. ತಮ್ಮಲ್ಲೂ ಬಾದಾಮಿ, ಸಕ್ಕರೆ ಕಾಯಿಸಿ ಹೀಗೇ ಹಲ್ಲು ಮುರಿಯುವಂಥದ್ದು ಮಾಡುತ್ತಾರೆ ಎಂದರು. ಒಂದು ತುಂಡು ತಿಂದು ಎರಡನೆಯದು ತೆಗೆದುಕೊಂಡರು. ನನಗೆ ಅರ್ಧ ಗೆದ್ದಂತಾಯಿತು.

ಆಮೇಲೆ ಯಂತ್ರದ ಕೋಣೆಗೆ ಕರೆದೊಯ್ದರು. ಎರಡು ಉಕ್ಕಿನ ರೆಕ್ಕೆಗಳ ನಡುವೆ ಆಂಟೆನಾ ಇಟ್ಟರೆ ಅದು ಮಡಚುತ್ತದೆ, ಬಿಚ್ಚುತ್ತದೆ, ಎಣಿಸುತ್ತದೆ. ನಮ್ಮ ನಕ್ಷೆ ನೋಡಿ ಅವರೇ ಮೂರು ಆಂಟೆನಾ ಮಾಡಿ ಅದರಲ್ಲಿ ಇಟ್ಟಿದ್ದರು. ಮೂರೂ ಮುನ್ನೂರು ದಾಟುವಷ್ಟರಲ್ಲಿ ಮಡಿಕೆಯ ಗೆರೆಯಲ್ಲೇ ಬಿರಿದಿದ್ದವು. ಸತ್ತ ಮೂರನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ತೋರಿಸಿದರು. ನೀವು ಮಾಡುವ ಏನನ್ನೋ ನಾವು ಮಾಡುತ್ತಿಲ್ಲ, ಏನದು ಎಂದು ಪಿಲಾರ್ ಬಹಳ ಮರ್ಯಾದೆಯಿಂದ ಕೇಳಿದರು. ಮರುದಿನ ಹನ್ನೊಂದಕ್ಕೆ ನನ್ನ ಭಾಷಣವಿತ್ತು. ಅದರ ನಂತರವೇ ಅವರ ತೀರ್ಮಾನ.

ನಾನು ತಾಮ್ರದ ದಪ್ಪ ಹೇಳಿದೆ, ಅಂಟಿನ ಹೆಸರು ಹೇಳಿದೆ, ನಮ್ಮೂರ ಒಣ ಹವೆಯ ಬಗ್ಗೆಯೂ ಹೇಳಿದೆ. ಎಲ್ಲಕ್ಕೂ ಅವರು ತಲೆಯಾಡಿಸಿದರು, ಅದನ್ನೆಲ್ಲ ಅವರು ಮಾಡಿಯಾಗಿತ್ತು. ಯಂತ್ರ ಟಕ್ ಟಕ್ ಎಂದು ನಾಲ್ಕನೆಯದನ್ನು ಮಡಚುತ್ತಿತ್ತು. ಕಾಕಾ ಅದರ ಮುಂದೆ ಕೈ ಹಿಂದೆ ಕಟ್ಟಿ ನಿಂತು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಸಂಕಟವಿತ್ತು. ಕೊನೆಗೆ ನನ್ನತ್ತ ತಿರುಗಿದರು.

“ಮೇಡಂ, ಇವ್ರು ಘಳಿಗಿ ಬದಲಸೂದಿಲ್ಲೇನ್ರಿ?”

ನಮ್ಮ ಕಡೆ ಸೀರೆಯ ಮಡಿಕೆಗೆ ಘಳಿಗಿ ಎನ್ನುತ್ತಾರೆ. ಕಾಲೇಜಿಗೆ ಸೇರುವ ಮೊದಲು ಕಾಕಾ ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸ ಮಾಡುತ್ತಿದ್ದರು. ಕಪಾಟಿನಲ್ಲಿ ಬಹಳ ದಿನ ಒಂದೇ ಘಳಿಗಿಯಲ್ಲಿ ಬಿದ್ದ ಸೀರೆಯ ರೇಷ್ಮೆ ಸೆರಗು ಆ ಗೆರೆಯಲ್ಲೇ ಸೀಳುತ್ತದೆ. ಅದಕ್ಕೆ ಆಗಾಗ ಬಿಚ್ಚಿ, ಬೇರೆ ಗೆರೆಗೆ ಮಡಚಿ ಇಡುತ್ತಾರೆ. ಇದು ನಮ್ಮ ತಾಯಂದಿರಿಗೂ ಗೊತ್ತು, ನನಗೂ ಗೊತ್ತು. ಟ್ರಂಕಿನಲ್ಲಿರುವ ನನ್ನ ಮದುವೆಯ ಸೀರೆಗೆ ನಾನೇ ಹಾಗೆ ಮಾಡುತ್ತೇನೆ. ಆದರೆ ಅದಕ್ಕೂ ಆಂಟೆನಾಕ್ಕೂ ಸಂಬಂಧ ಕಟ್ಟಲು ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಹಾಗಾದರೆ ಕಾಕಾ ನಮ್ಮ ಹಾಳೆಯನ್ನೂ ಹಾಗೇ ಗೆರೆ ಬದಲಿಸಿ ಮಡಚುತ್ತಿದ್ದರು. ಎರಡು ಸಾವಿರದ ಲೆಕ್ಕ ಮಾಡಿದ್ದು ಕಾಕಾ. ನಾನು ಕ್ಲಾಸಿನಲ್ಲಿರುವಾಗ ಅವರು ಮಡಚಿ ಬಿಚ್ಚಿ ಲೆಕ್ಕದ ಪುಸ್ತಕದಲ್ಲಿ ಎಣಿಕೆಯ ಗೆರೆ ಎಳೆಯುತ್ತಿದ್ದರು, ಶನಿವಾರ ನಾನು ತರಂಗದ ಅಳತೆ ತೆಗೆಯುತ್ತಿದ್ದೆ. ಪ್ರತಿ ಶನಿವಾರ ಅಳತೆ ಒಂದಿಷ್ಟು ಅತ್ತಿತ್ತ ಸರಿದಿರುತ್ತಿತ್ತು. ಅದಕ್ಕೆ ನಾನು ಬಾಗಲಕೋಟೆಯ ಬಿಸಿಲೇ ಕಾರಣವೆಂದು ಲೇಖನದಲ್ಲಿ ಅರ್ಧ ಪುಟ ಬರೆದಿದ್ದೆ. ಆ ಅರ್ಧ ಪುಟದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಅವರು ಏನೆಂದರು ಎಂದು ಪಿಲಾರ್ ಕೇಳಿದರು.

ಯಂತ್ರ ಬಹಳ ಚೆನ್ನಾಗಿದೆ ಎನ್ನುತ್ತಿದ್ದಾರೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಪಿಲಾರ್ ಸಂತೋಷದಿಂದ ಕಾಕಾಗೆ ಧನ್ಯವಾದ ಹೇಳಿದರು. ಮೂವತ್ತು ವರ್ಷ ಲ್ಯಾಬಿನಲ್ಲಿ ಇದ್ದ ಮನುಷ್ಯನಿಗೆ ಮಶೀನ್, ಗುಡ್ ಎಂಬೆರಡು ಮಾತು ತಿಳಿಯದೇ? ಅವರು ನನ್ನನ್ನು ಒಮ್ಮೆ ನೋಡಿದರು, ಆಮೇಲೆ ತಮ್ಮ ಚಪ್ಪಲಿ ನೋಡಿಕೊಂಡರು.

ಅದೇ ಮಧ್ಯಾಹ್ನ: ಕಲ್ಲು ಸೇತುವೆ

ಮಧ್ಯಾಹ್ನ ಎರಡರಿಂದ ಐದರವರೆಗೆ ಆ ಊರು ಬಾಗಿಲು ಹಾಕಿಕೊಳ್ಳುತ್ತದೆ. ನಮ್ಮೂರೂ ಉಂಡು ಅಡ್ಡಾಗುತ್ತದೆ, ಆದರೆ ಚಹಾದಂಗಡಿಯಾದರೂ ತೆರೆದಿರುತ್ತದೆ. ಇಲ್ಲಿ ಬೀದಿಯಲ್ಲಿ ನಾನು, ನನ್ನ ಹಿಂದೆ ಹತ್ತು ಹೆಜ್ಜೆಗೆ ಕಾಕಾ, ಮತ್ತೆ ಗಾಳಿ. ಬೆಟ್ಟದ ಕಡೆಯಿಂದ ಬರುವ ಆ ಒಣ ಗಾಳಿಗೆ ಅಲ್ಲಿನವರು ಹೆಸರಿಟ್ಟಿದ್ದಾರೆ, ಮನೆಯ ಆಳನ್ನು ಬೈದಂತೆ ಅದನ್ನು ಬೈಯುತ್ತಾರೆ. ಬೀದಿ ಮುಗಿದಲ್ಲಿ ಎಬ್ರೊ ನದಿಯ ಮೇಲೆ ಹಳೆಯ ಕಲ್ಲು ಸೇತುವೆ. ಕೆಳಗೆ ಕೆಂಪು ನೀರು, ಥೇಟ್ ಹೊಸ ಮಳೆಯ ನಂತರದ ಮಲಪ್ರಭೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಎದುರು ಬಂದ ಒಬ್ಬ ಅಪರಿಚಿತ ನನ್ನನ್ನು ನೋಡಿ ನಕ್ಕರೂ ಅವನಿಗೆ ಗೊತ್ತಾಗಿದೆ ಎನ್ನಿಸಿತು.

ಕಾಕಾ ಸೇತುವೆಯ ನಡುವೆ ನಿಂತರು. “ನಾ ಅಂದದ್ದು ಅದಲ್ರಿ ಮೇಡಂ.”

ಗೊತ್ತು ಎಂದೆ. ಎಷ್ಟು ದಿನದಿಂದ ಘಳಿಗಿ ಬದಲಿಸುತ್ತಿದ್ದೀರಿ ಎಂದು ಕೇಳಿದೆ. ಮೊದಲ ಹಾಳೆಯಿಂದಲೂ, ಎರಡು ಮೂರು ದಿನಕ್ಕೊಮ್ಮೆ, ಜೋಳದ ಕಾಳಿನಷ್ಟು ಆಚೆ ಈಚೆ ಎಂದರು. ಗಾತ್ರ ಮಾತ್ರ ಬದಲಾಗದಂತೆ ನೋಡಿಕೊಂಡಿದ್ದರಂತೆ. ಮೇಡಂ ಅವರ ಅಳತೆ ಕೆಡಬಾರದಲ್ಲ.

“ಮೂರು ವರ್ಷ ನನಗ ಯಾಕ ಹೇಳಲಿಲ್ರಿ ಕಾಕಾ?”

“ಹೇಳೂದು ಏನೈತ್ರಿ ಅದರಾಗ? ಅಂಗಡ್ಯಾಗ ಘಳಿಗಿ ಬದಲಸಿದ್ದು ಯಾರಿಗರ ಹೇಳ್ತಾರೇನು? ಕಸಾ ಹೊಡದಂಗ ಅದೂ ಒಂದ ಕೆಲಸ. ನೀವೂ ಎಂದೂ ಕೇಳಲಿಲ್ಲ.”

ನನಗೆ ಸಿಟ್ಟು ಬಂತು. ಅವರ ಮೇಲೆ ಬಂತು, ಅದು ಅನ್ಯಾಯವೆಂದು ಗೊತ್ತಿದ್ದೂ ಬಂತು. ಇದರಿಂದ ಏನಾಗಿದೆ ಗೊತ್ತೇ ಎಂದು ಗಾಳಿಯಲ್ಲಿ ಕೂಗಿಯೇ ಹೇಳಿದೆ. ಒಂದೇ ಗೆರೆಯಲ್ಲಿ ಮಡಚಿದ್ದಕ್ಕೆ ಎರಡು ಸಾವಿರ ಎಂದು ನಾನು ಬರೆದು, ಸಹಿ ಹಾಕಿ, ಲೋಕಕ್ಕೆಲ್ಲ ಓದಿಸಿದ್ದೇನೆ. ಅದು ಸುಳ್ಳು. ನನ್ನ ಹೆಸರು, ನನ್ನ ಬಡ್ತಿ, ಕಾಲೇಜಿನ ಮಾನ ಎಲ್ಲ ಆ ಒಂದು ಸಾಲಿನ ಮೇಲೆ ನಿಂತಿದೆ. ಕಾಕಾ ತಲೆ ತಗ್ಗಿಸಿ ಕೇಳಿಸಿಕೊಂಡರು.

ಸೇತುವೆಯ ಈ ತುದಿಯಿಂದ ಆ ತುದಿಗೆ ಹೋದೆ, ಬಂದೆ. ಮತ್ತೆ ಹೋದೆ. ಈ ಊರಿನಲ್ಲಿ ಕನ್ನಡ ಬಲ್ಲವರು ಯಾರಿದ್ದಾರೆ? ನಾಳೆ ತರಂಗ ಹಿಡಿಯುವ ಭಾಗವನ್ನಷ್ಟೇ ಹೇಳಿದರಾಯಿತು, ಆ ಭಾಗ ಖರೆಯೇ ಇದೆ. ನಿಮ್ಮ ಯಂತ್ರದ ಉಕ್ಕು ಒರಟು, ನಮ್ಮದು ಕೈಮಡಿಕೆ ಎಂದರೆ ಅವರು ನಂಬಿಯೂ ನಂಬುತ್ತಾರೆ. ಊರಿಗೆ ಹೋಗಿ ಸದ್ದಿಲ್ಲದೆ ಸರಿಪಡಿಸಿಕೊಳ್ಳಬಹುದು. ಹೀಗೆ ಒಂದೊಂದು ಸುತ್ತಿಗೆ ಒಂದೊಂದು ನೆವ ಹುಟ್ಟುತ್ತಿತ್ತು. ಮೂರನೆಯ ಸುತ್ತು ಮುಗಿಸಿ ಬಂದು, ನಾಳೆ ಘಳಿಗಿಯ ಮಾತು ಎತ್ತುವುದು ಬೇಡ ಎಂದು ಕಾಕಾಗೆ ಹೇಳಿದೆ.

ಅವರು ನೀರು ನೋಡುತ್ತಿದ್ದರು.

“ನಾಳೆ ಇದು ನಮ್ಮಕ್ಕನಂಥಾಕಿ ಕೈಯಾಗ ಇರತೈತ್ರಿ,” ಎಂದರು. “ಮಾಳಿಗಿ ಮ್ಯಾಲ ಕುಂತು ಬಿಚ್ತಾಳ, ಮಡಚ್ತಾಳ. ಆಕಿಗೆ ಘಳಿಗಿ ಬದಲಸು ಅಂತ ಯಾರ ಹೇಳ್ತಾರ?”

ಇಂಥ ಮಾತು ಆಡಿದ್ದಕ್ಕೆ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು. ವಸತಿಗೃಹದವರೆಗೆ ಅವರಿಗಿಂತ ಇಪ್ಪತ್ತು ಹೆಜ್ಜೆ ಮುಂದೆಯೇ ನಡೆದೆ. ಉಳಿದ ಹಗಲೆಲ್ಲ, ಆ ಮುಗಿಯದ ಹಗಲೆಲ್ಲ, ನಾನು ಸ್ಲೈಡುಗಳ ಮುಂದೆ ಕೂತೆ. ಎರಡು ಸಾವಿರ ಎಂಬ ಅಂಕಿಯಿದ್ದ ಪುಟವನ್ನು ಅಳಿಸಿದೆ, ಮತ್ತೆ ಸೇರಿಸಿದೆ. ಕೊನೆಗೆ ಇದ್ದಲ್ಲೇ ಇಟ್ಟೆ.

ಮೂರನೆಯ ದಿನ: ಹನ್ನೊಂದು ಗಂಟೆ

ಸಭೆಯಲ್ಲಿ ಇಪ್ಪತ್ತು ಜನರಿದ್ದರು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ತರಂಗ ಹಿಡಿಯುವ ಭಾಗ ಸರಾಗವಾಗಿ ಹೋಯಿತು. ಅರ್ಧ ಬಿಚ್ಚಿದಾಗ ಒಂದು, ಪೂರ್ತಿ ಎಳೆದಾಗ ಇನ್ನೊಂದು, ಪರದೆಯ ಮೇಲೆ ಗೆರೆಗಳು ಹೇಳಿದಂತೆ ಕುಣಿದವು. ಜನ ತಲೆದೂಗಿದರು. ಬಾದಾಮಿಯ ಬಂಡೆಯ ಮೇಲೆ ಪರೀಕ್ಷೆ ಮಾಡುವಾಗ ಕೋತಿಯೊಂದು ಆಂಟೆನಾ ಕಸಿದುಕೊಂಡು ಹೋದ ಕಥೆ ಹೇಳಿದೆ. ನಕ್ಕರು. ಆಮೇಲೆ ಎರಡು ಸಾವಿರದ ಆ ಪುಟ ಬಂತು, ಮಾಳಿಗೆಯ ಮೇಲೆ ಕೂತು ಬಿಚ್ಚಿ ಮಡಚುವವಳು ಕಣ್ಣ ಮುಂದೆ ಬಂದಳು.

ಈ ಅಂಕಿ ತಪ್ಪು ಎಂದೆ.

ಹೇಳಲು ಶುರು ಮಾಡಿದ ಮೇಲೆ ಹೇಳುವುದು ಅಂಥ ಕಷ್ಟವಾಗಲಿಲ್ಲ, ಕೇಳುವವರ ಮುಖ ನೋಡುವುದು ಕಷ್ಟವಾಯಿತು. ಸೀರೆ ಹೇಳಿದೆ, ಸೆರಗು ಹೇಳಿದೆ, ಕಪಾಟು ಹೇಳಿದೆ. ಲೇಖನದಲ್ಲಿ ಬಿಸಿಲಿನ ಮೇಲೆ ಹೊರಿಸಿದ ಅರ್ಧ ಪುಟದ ನಿಜವನ್ನೂ ಹೇಳಿದೆ. ಕೊನೆಗೆ ಪಿಲಾರ್ ಕಡೆ ತಿರುಗಿ, ನಿನ್ನೆ ಹುಸೇನಸಾಬ್ ನಿಮ್ಮ ಯಂತ್ರವನ್ನು ಹೊಗಳಿರಲಿಲ್ಲ, ನೀವು ಮಡಿಕೆಯ ಗೆರೆ ಬದಲಿಸುವುದಿಲ್ಲವೇ ಎಂದು ಕೇಳಿದ್ದರು, ನಾನು ಬೇಕೆಂದೇ ತಪ್ಪು ಹೇಳಿದೆ ಎಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಬೇಕಾಗಿಯೂ ಇರಲಿಲ್ಲ. ಪಿಲಾರ್ ಎದ್ದು ಬಂದು ನಮ್ಮ ಲೆಕ್ಕದ ಪುಸ್ತಕ ಕೇಳಿದರು. ಹಾಳೆ ತಿರುವಿದರು. ದಿನಾಂಕವಿತ್ತು, ಗೆರೆಗಳಿದ್ದವು, ಶನಿವಾರದ ಅಳತೆಯ ಕೆಳಗೆ ನನ್ನ ಸಹಿಯಿತ್ತು. ಮಡಚಿದವರ ಹೆಸರು ಇದರಲ್ಲಿ ಎಲ್ಲಿದೆ ಎಂದು ಕೇಳಿದರು. ಇರಲಿಲ್ಲ. ಲೇಖನದಲ್ಲಿ ಇದೆಯೇ ಎಂದು ಕೇಳಿದರು. ಅಲ್ಲೂ ಇರಲಿಲ್ಲ. ಕೊನೆಯಲ್ಲಿ ‘ಸಿಬ್ಬಂದಿಗೆ ವಂದನೆಗಳು’ ಎಂದು ಬರೆದಿದ್ದೆ.

ಹೆಸರು ಬರೆಯುವ ಜಾಗ ಇದ್ದಿದ್ದರೆ ಅವರು ಏನು ಮಾಡುತ್ತಿದ್ದಾರೆಂದು ನೀವು ಮೊದಲ ವಾರವೇ ಕೇಳುತ್ತಿದ್ದಿರಿ ಎಂದರು ಪಿಲಾರ್. ಅವರ ಜೋರು ಧ್ವನಿ ಆಗ ಮೆಲ್ಲಗಿತ್ತು. ನನಗೆ ಆದ ನಾಚಿಕೆಯನ್ನು ಬಣ್ಣಿಸಲು ಹೋಗುವುದಿಲ್ಲ. ನಿನ್ನೆಯ ಸುಳ್ಳಿಗೆ ಕೂಡ ನಾನು ಅಷ್ಟು ನಾಚಿರಲಿಲ್ಲ.

ತೀರ್ಮಾನ ನಾವು ಬಯಸಿದಂತೆ ಬರಲಿಲ್ಲ. ಐವತ್ತು ಆಂಟೆನಾ ಈ ವರ್ಷ ಇಲ್ಲ. ಒಂದೇ ಗೆರೆಯಲ್ಲಿ ಮಡಚಿದ ಲೆಕ್ಕ, ಗೆರೆ ಬದಲಿಸಿ ಮಡಚಿದ ಲೆಕ್ಕ, ಎರಡನ್ನೂ ಬೇರೆ ಬೇರೆ ಮಾಡಿ ಕಳಿಸಿ, ಆಮೇಲೆ ನೋಡೋಣ ಎಂದರು. ಲೇಖನದ ಆ ಸಾಲನ್ನು ಹಿಂತೆಗೆದುಕೊಳ್ಳುವ ಪತ್ರವನ್ನು ಅಲ್ಲಿಯೇ ಕೂತು ಬರೆದು ಕಳಿಸಿದೆ. ಎಲ್ಲ ಕಾಕಾಗೆ ತಿಳಿಸಿದೆ. ಮುಂದಿನ ಮಳೆಗಾಲಕ್ಕೆ ಆಗುವುದಿಲ್ಲ ಹಾಗಾದರೆ ಎಂದರು. ಆಗುವುದಿಲ್ಲ ಎಂದೆ. ಅವರ ಕಣ್ಣು ತುಂಬಿತ್ತು, ನಾನು ನೋಡದವಳಂತೆ ಚೀಲ ಕಟ್ಟಿದೆ.

ಬಾಗಲಕೋಟೆ

ಬಂದ ಮೂರನೆಯ ದಿನಕ್ಕೆ ಹೊಸ ಹಾಳೆ ತೆಗೆದೆವು. ಮಡಚುವುದು ಈ ಸಲ ನಾನು, ಒಂದೇ ಗೆರೆಯಲ್ಲಿ. ಕಾಕಾ ಎದುರಿನ ಸ್ಟೂಲಿನ ಮೇಲೆ ಕೂತು ಎಣಿಸಬೇಕು, ಕೈ ಹಚ್ಚಬಾರದು. ನೂರು ದಾಟಿದ ಮೇಲೆ ಅವರಿಗೆ ತಡೆಯಲಾಗಲಿಲ್ಲ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಇನ್ನೂರ ಐವತ್ತಕ್ಕೆ ಗೆರೆ ಬಿಳಿಚಿತು. ಅವರು ಮುಖ ಆಚೆ ತಿರುಗಿಸಿ ಎಣಿಸುತ್ತ ಹೋದರು. ಮುನ್ನೂರ ಹನ್ನೆರಡಕ್ಕೆ ತಾಮ್ರ ಬಿರಿಯಿತು, ಪರದೆಯ ಮೇಲಿನ ಗೆರೆ ಬಿದ್ದುಹೋಯಿತು. ಅಂಕಿಯನ್ನು ಬರೆದೆ. ಮಡಚಿದವರು ಎಂಬ ಹೊಸ ಅಂಕಣದಲ್ಲಿ ನನ್ನ ಹೆಸರು ಬರೆದೆ.

ಆಮೇಲೆ ಎರಡನೆಯ ಹಾಳೆ ತೆಗೆದು ಅವರ ಮುಂದಿಟ್ಟೆ. ಅದೇ ಅಂಕಣದಲ್ಲಿ ಕೆಳಗಿನ ಸಾಲಿಗೆ ಹುಸೇನಸಾಬ್ ಎಂದು ಬರೆದು, ಪೆನ್ನು ಹಿಡಿದು ಕೂತೆ. ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು. ಆ ಹೊತ್ತಿಗೆ ಈ ಎಲ್ಲ ವಿದ್ಯೆ ಆ ಕೈಗಳಿಂದ ಕಾಗದಕ್ಕೆ ಇಳಿಯಬೇಕಿತ್ತು, ನದಿ ದಂಡೆಯ ಯಾವ ಹೆಂಗಸು ಓದಿದರೂ ತಿಳಿಯುವ ಹಾಗೆ.

“ನೀವು ಮೊದಲಿಂದ ಏನೇನ ಮಾಡ್ತೀರಿ, ಎಲ್ಲಾ ಹೇಳ್ರಿ ಕಾಕಾ. ನಾ ಬರಕೋತೇನಿ.”

ಕಾಕಾ ತೊಡೆಯ ಕೆಳಗಿಂದ ಕೈ ತೆಗೆದು ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. ಇಷ್ಟು ಸಣ್ಣ ವಿಷಯವನ್ನೂ ಪುಸ್ತಕಕ್ಕೆ ಹಾಕುತ್ತೀರೇನು ಎಂಬಂತೆ ನನ್ನ ಕಡೆ ನೋಡಿದರು. ಪೆನ್ನು ಹಾಳೆಯ ಮೇಲೇ ಇತ್ತು.

“ಮೊದಲ ಉಗರಾ ತಗೀಬೇಕ್ರಿ,” ಎಂದರು.

ಬರೆದುಕೊಂಡೆ.